ಅಮಾವಾಸ್ಯೆ ಮೀಟಿಂಗ್

ಸಮನ್ಸ್ ಕಳಿಸಿದ್ದು ಮೂವರು ಬಸ್ ಮಾಲೀಕರಿಗೆ. ಬಂದದ್ದು ಮೂರು ಮೆಡಿಕಲ್ ಸರ್ಟಿಫಿಕೇಟು. ಕಡೂರಿನವರಿಗೆ ಬಿ.ಪಿ. ಏರಿದೆಯಂತೆ, ತರೀಕೆರೆಯವರಿಗೆ ಇಳಿಯದ ಜ್ವರವಂತೆ, ಅಜ್ಜಂಪುರದ ಹೆಂಗಸಿಗೆ ಹಾಸಿಗೆಯಿಂದ ಏಳಲಾಗದಷ್ಟು ಬೆನ್ನುನೋವಂತೆ. ಮೂರಕ್ಕೂ ಒಬ್ಬರೇ ಡಾಕ್ಟರ ಸಹಿ, ಒಂದೇ ಪೆನ್ನು. ಕಡೂರಿನ ಸರ್ಕಾರಿ ಪ್ರವಾಸಿ ಬಂಗಲೆ, ಐ.ಬಿ.ಯ ಕೋಣೆಯಲ್ಲಿ ಕೂತು ಅವನ್ನು ಓದುತ್ತ ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಜೊತೆ ಬಂದಿದ್ದ ಸ್ಟೆನೋ, ನಿವೃತ್ತಿಗೆ ಹತ್ತಿರವಾದ ಮಿತಭಾಷಿ ಮನುಷ್ಯ, ಲ್ಯಾಪ್‌ಟಾಪ್ ಮುಚ್ಚಿ, "ಊಟಕ್ಕೆ ಏನಾದರೂ ಹೇಳಲಾ?" ಎಂದರು. ಅವರ ಮೇಲೆ ರೇಗಿದೆ. ಪಾಪ, ಅವರದೇನು ತಪ್ಪು?

ನಾನು ಕೆಲಸ ಮಾಡುವುದು ಮಾರುಕಟ್ಟೆಯಲ್ಲಿ ಪೈಪೋಟಿ ಸತ್ತುಹೋಗದಂತೆ ನೋಡಿಕೊಳ್ಳುವ ದೆಹಲಿಯ ಆಯೋಗವೊಂದರ ತನಿಖಾ ವಿಭಾಗದಲ್ಲಿ. ದೊಡ್ಡ ಕಂಪನಿ ತನ್ನ ಬಲದಿಂದ ಸಣ್ಣವರ ಕುತ್ತಿಗೆ ಹಿಚುಕಿದರೆ ಅದು ತಪ್ಪು. ಮಾರುವವರೆಲ್ಲ ಒಳಗೊಳಗೇ ಸೇರಿಕೊಂಡು ಒಂದೇ ಬೆಲೆ ನಿಗದಿ ಮಾಡಿಕೊಂಡರೆ ಅದೂ ತಪ್ಪು. ನಮ್ಮ ಕಾನೂನಿನಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ. ಕಡೂರಿಗೆ ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಮೊದಲನೆಯದು ಮಾತ್ರ.

ಆಗ ನಡೆಯುತ್ತಿದ್ದ ತನಿಖೆ ಬಸ್ ಟಿಕೆಟ್ ಬುಕ್ ಮಾಡುವ ಒಂದು ಆ್ಯಪ್ ಕಂಪನಿಯ ಮೇಲೆ. ಬೆಂಗಳೂರಿನಲ್ಲಿ ಕೂತು ಕಡೂರಿಗೋ ತರೀಕೆರೆಗೋ ಬಸ್ ಹುಡುಕುವವರು ಬೇರೆಲ್ಲೂ ಹುಡುಕುವುದಿಲ್ಲ, ಆ ಆ್ಯಪ್ಪನ್ನೇ ತೆರೆಯುತ್ತಾರೆ. ಅದನ್ನೇ ಬಂಡವಾಳ ಮಾಡಿಕೊಂಡು ಕಂಪನಿ ಬಸ್ ಮಾಲೀಕರ ಒಪ್ಪಂದದಲ್ಲಿ ಒಂದು ಷರತ್ತು ತೂರಿಸಿತ್ತು: ನಮ್ಮ ಆ್ಯಪ್‌ನಲ್ಲಿ ಇರುವ ದರಕ್ಕಿಂತ ಕಡಿಮೆಗೆ ನೀವು ಬೇರೆಲ್ಲೂ ಟಿಕೆಟ್ ಮಾರುವಂತಿಲ್ಲ, ನಿಮ್ಮ ಸ್ವಂತ ಕೌಂಟರಿನಲ್ಲೂ ಮಾರುವಂತಿಲ್ಲ. ಹೀಗಾದರೆ ಹೊಸ ಆ್ಯಪ್ ಒಂದು ಕಡಿಮೆ ಕಮಿಷನ್ನಿಗೆ ಬಂದರೂ ಟಿಕೆಟ್ ಅಗ್ಗ ಮಾಡಲಾಗದೆ ಮುಚ್ಚಿಕೊಂಡು ಹೋಗಬೇಕು. ಹಾಗೆ ಮುಚ್ಚಿಹೋದವರೊಬ್ಬರೇ ನಮಗೆ ದೂರು ಕೊಟ್ಟಿದ್ದು.

ಕಂಪನಿಯ ವಕೀಲರು ಸಾಮಾನ್ಯರಲ್ಲ. ಷರತ್ತು ಕಾಗದದ ಮೇಲಿದೆ ನಿಜ, ನಾವು ಅದನ್ನು ಯಾರ ಮೇಲೂ ಹೇರಿಲ್ಲ ಎಂದರು. ಮಾತು ಕೇಳದ ಬಸ್ಸನ್ನು ಹುಡುಕಾಟದ ಪಟ್ಟಿಯಲ್ಲಿ ಕೆಳಕ್ಕೆ ತಳ್ಳುತ್ತಾರೆ ಎಂಬ ಆರೋಪಕ್ಕೆ, ಪಟ್ಟಿಯ ಕ್ರಮ ಪ್ರಯಾಣಿಕರು ಕೊಡುವ ಅಂಕದಿಂದ ಬರುವುದು, ಅದಕ್ಕೂ ದರಕ್ಕೂ ಸಂಬಂಧವೇ ಇಲ್ಲ ಎಂದರು. ನೋಟಿಸ್ ಕೊಟ್ಟು ಅವರ ಸರ್ವರಿನ ದಾಖಲೆ ತರಿಸಿಕೊಂಡೆವು. ಕಡೂರು ಸೀಮೆಯ ಕೆಲವು ಬಸ್ಸುಗಳು ಇದ್ದಕ್ಕಿದ್ದಂತೆ ಪಟ್ಟಿಯ ತಳಕ್ಕೆ ಬಿದ್ದದ್ದು ಅದರಲ್ಲಿ ಕಂಡಿತು. ಯಾಕೆ ಬಿದ್ದವು ಎಂದು ಯಂತ್ರ ಹೇಳುವುದಿಲ್ಲ. ಹೇಳಬೇಕಾದವರು ಮಾಲೀಕರು. ಬೆದರಿಕೆಯೆಲ್ಲ ಏರಿಯಾ ಮ್ಯಾನೇಜರನ ಫೋನ್ ಕರೆಯಲ್ಲೇ ಮುಗಿಯುತ್ತಿತ್ತು, ಒಂದಕ್ಷರ ಬರಹದಲ್ಲಿ ಇರಲಿಲ್ಲ. "ನೀನು ಅದೇ ಕಡೆಯವಳಲ್ಲವಾ, ಹೋಗಿ ಹೇಳಿಕೆ ತಗೊಂಡು ಬಾ" ಎಂದು ಮೇಲಧಿಕಾರಿ ನನ್ನನ್ನು ಅಟ್ಟಿದರು. ನಾನು ಹುಟ್ಟಿದ್ದು ದೇವನೂರಿನಲ್ಲಿ. ಊರಿನವಳು ಅಂದರೆ ಜನ ತಾವಾಗಿಯೇ ಬಾಯಿ ಬಿಡುತ್ತಾರೆ ಎಂದು ದೆಹಲಿಯಲ್ಲಿ ಕೂತವರ ನಂಬಿಕೆ.

ಮಧ್ಯಾಹ್ನ ನಾನೇ ಬಸ್‌ಸ್ಟ್ಯಾಂಡಿಗೆ ನಡೆದೆ. ಬಿ.ಪಿ. ಏರಿದ್ದ ಕಡೂರಿನ ಯಜಮಾನರು ತಮ್ಮ ಬಸ್ಸಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದರು.

"ಬಿ.ಪಿ. ಹೇಗಿದೆ ಯಜಮಾನ್ರೇ?" ಎಂದೆ.

"ಸುಳ್ಳಲ್ಲ ಕಣಮ್ಮಾ, ನಿಮ್ ಸಮನ್ಸ್ ಬಂದ್ಮೇಲೆ ನಿಜವಾಗ್ಲೂ ಏರಿದೆ" ಎಂದು ನಗದೆ ಹೇಳಿದರು. "ಫೋನಲ್ಲಿ ಬಸ್ ನೋಡೋರು ಮೇಲ್ಗಡೆ ಇರೋ ನಾಕು ಬಸ್ ನೋಡ್ತಾರೆ, ಅಷ್ಟೇ. ಕೆಳಗ್ ಬಿದ್ದೋನ್ನ ಯಾರ್ ಕೇಳ್ತಾರೆ? ನಾನ್ ನಿಮ್ ಹತ್ರ ಬಾಯ್ಬಿಟ್ಟೆ ಅಂತ ಗೊತ್ತಾದ್ರೆ ಸಾಕು, ನನ್ ಬಸ್ಸು ತಳ ಸೇರ್‍ಕೊಂಡ್ಬಿಡುತ್ತೆ. ನಿಮಗೆ ಪುಣ್ಯ ಬರುತ್ತೆ, ನನ್ನ ಬಿಟ್ಬಿಡಿ."

ಹೇಳಿಕೆಯಲ್ಲಿ ಹೆಸರು ಮುಚ್ಚಿಡುತ್ತೇವೆ ಎಂದೆ. ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಕಡೂರಿಂದ ಬೆಂಗಳೂರಿಗೆ ಬಸ್ ಬಿಡೋರು ಎಷ್ಟ್ ಜನ ಇದೀವಿ ಅನ್ಕೊಂಡಿದೀರ? ಹೆಸರು ಮುಚ್ಚಿದ್ರೆ ಮುಖ ಮುಚ್ಚುತ್ತಾ?"

ಮಾತು ನಿಜವಾಗಿತ್ತು. ಹೆಸರು ತೆಗೆದ ಹೇಳಿಕೆಯ ಪ್ರತಿಯನ್ನು ಕೊನೆಗೆ ಕಂಪನಿಯ ವಕೀಲರಿಗೆ ಕೊಡಲೇಬೇಕು. ಆರೋಪ ಏನೆಂದು ತಿಳಿಯುವ ಹಕ್ಕು ಅವರಿಗೂ ಇದೆ.

ಮರುದಿನ ತರೀಕೆರೆಗೆ ಹೋದೆ. ಜ್ವರದ ಸಾಹೇಬರು ನನ್ನನ್ನು ಕೂರಿಸಿ, ತಾವೇ ಎದ್ದುಹೋಗಿ ಏಲಕ್ಕಿ ಚಹಾ ತಂದರು. ಅವರ ಅಜ್ಜನ ಕಾಲದಿಂದ ಮನೆಯಲ್ಲಿ ಬಸ್ಸಿನ ವ್ಯವಹಾರ. ಒಳಗೆ ಹೆಂಡತಿಯೊಡನೆ ದಖನಿ ಉರ್ದುವಿನಲ್ಲಿ ಮಾತಾಡಿ ಹೊರಗೆ ಬಂದು ನನ್ನೊಡನೆ ಕನ್ನಡದಲ್ಲಿ ಮುಂದುವರಿಸುತ್ತಿದ್ದರು. ಡೀಸೆಲ್ಲು, ರಸ್ತೆ, ಮಗಳ ಮದುವೆಯ ಮಾತುಕತೆ, ಎಲ್ಲ ಬಂತು. ಆ್ಯಪ್ ಎಂದ ಕೂಡಲೇ ಬಾಯಿಗೆ ಬೀಗ.

"ನೀವು ಒಳ್ಳೇದಕ್ಕೇ ಬಂದಿದೀರ ಅಮ್ಮಾ, ಅನುಮಾನ ಇಲ್ಲ" ಎಂದರು ಕೊನೆಗೆ. "ಆದ್ರೆ ನೀವು ನಾಳೆ ಡೆಲ್ಲಿಗೆ ಹೋಗ್ತೀರ. ಅವ್ರ ಮ್ಯಾನೇಜರ್ರು ಇಲ್ಲೇ ಇರ್ತಾನೆ. ಅಮಾವಾಸ್ಯೆ ದಿನ ನಾವೆಲ್ಲಾ ಸೇರ್ತೀವಲ್ಲ, ಆಗ ಒಂದ್ಮಾತು ಕೇಳಿ ನೋಡ್ತೀನಿ."

ಅಮಾವಾಸ್ಯೆ ದಿನ ಗಾಡಿ ತೊಳೆದು ನಿಂಬೆಹಣ್ಣು ಒಡೆಯುವುದು ನನಗೆ ಗೊತ್ತಿದ್ದದ್ದೇ. ಅದಕ್ಕೇ ಎಲ್ಲರೂ ಸೇರುತ್ತಾರೆ ಅಂದುಕೊಂಡು ಸುಮ್ಮನಾದೆ.

ತರೀಕೆರೆಯಿಂದ ಹಾಗೇ ಅಜ್ಜಂಪುರದ ಬಸ್ ಹತ್ತಿದೆ. ಅಲ್ಲಿನ ಮಾಲಕಿಯನ್ನು ಊರೆಲ್ಲ ಅಕ್ಕ ಎನ್ನುತ್ತದೆ, ನಾನೂ ಹಾಗೇ ಬರೆಯುತ್ತೇನೆ. ಅವರದು ಒಂದೇ ಬಸ್ಸು. ಅಣ್ಣ ಓಡಿಸುತ್ತಾನೆ, ಅಕ್ಕ ಕೌಂಟರ್ ನೋಡುತ್ತಾರೆ. ನಾನು ಹೋದಾಗ ಅವರು ಕೌಂಟರಿನಲ್ಲಿ ಇರಲಿಲ್ಲ. ಬಸ್ಸಿನ ಟಾಪಿನ ಮೇಲೆ ನಿಂತು, ಸೀರೆ ಎತ್ತಿ ಸಿಕ್ಕಿಸಿಕೊಂಡು, ತೆಂಗಿನಕಾಯಿ ಮೂಟೆಗೆ ಹಗ್ಗ ಬಿಗಿಯುತ್ತಿದ್ದರು.

"ಬೆನ್ನುನೋವು ಹೇಗಿದೆಯಮ್ಮಾ?" ಎಂದು ಕೆಳಗಿನಿಂದ ಕೂಗಿದೆ.

"ಅಯ್ಯೋ ಶಿವನೇ, ಡೆಲ್ಲಿಯೋರು!" ಎಂದು ಅಕ್ಕ ಹಗ್ಗ ಬಿಟ್ಟು ನಗತೊಡಗಿದರು. ನನಗೂ ನಗು ತಡೆಯಲಾಗಲಿಲ್ಲ. ಈ ತನಿಖೆಯಲ್ಲಿ ನಾನು ಮನಸಾರೆ ನಕ್ಕದ್ದು ಅದೊಂದೇ ಸಲ.

ಕೌಂಟರಿನಲ್ಲಿ ಕೂತೆವು. ಅಷ್ಟರಲ್ಲಿ ಬುಕ್ಕಾಂಬುಧಿ ಕಡೆಯ ಗಂಡಹೆಂಡತಿ ಬಂದರು. ಗಂಡನ ಕೈಯಲ್ಲಿ ಎಕ್ಸ್-ರೇ ಕವರು. ಅಕ್ಕ ಏನೂ ಕೇಳದೆ, "ಮುಂದಿನ್ ಸೀಟು ಇಟ್ಟಿದೀನಿ. ಆಸ್ಪತ್ರೆ ರೇಟೇ ಕೊಡಿ" ಎಂದರು. ಅವರು ಹೋದ ಮೇಲೆ ನಾನು ಕೇಳಿದೆ, ಏನದು ಆಸ್ಪತ್ರೆ ರೇಟು?

"ಬೆಂಗ್ಳೂರು ದೊಡ್ಡಾಸ್ಪತ್ರೆಗೆ ಹೋಗೋರಿಗೆ ಟಿಕೆಟ್ ಕಮ್ಮಿ. ರೋಗಿಗೂ, ಜೊತೆಗ್ ಹೋಗೋರಿಗೂ. ಅದೇ ನೋಡಿ ಆ ಮ್ಯಾನೇಜರ್‍ಗೆ ಕಣ್ಣುರಿ. ಫೋನ್ ಮಾಡ್ದ. ‘ಕೌಂಟರಲ್ಲಿ ಕಮ್ಮಿಗೆ ಕೊಡ್ತಿದೀರಂತೆ, ನಿಲ್ಸಿ, ಇಲ್ದಿದ್ರೆ ನಿಮ್ ಬಸ್ಸು ಯಾರ್ ಕಣ್ಣಿಗೂ ಬೀಳಲ್ಲ’ ಅಂದ. ನಾನು, ‘ಹೋಗಯ್ಯಾ, ಸಾಯೋರ್ ಹತ್ರ ಜಾಸ್ತಿ ಕೇಳು ಅಂತೀಯಲ್ಲ, ನಿನಗೆ ಮನೇಲಿ ಅಪ್ಪ ಅಮ್ಮ ಇಲ್ವಾ’ ಅಂದೆ. ಅದಾದ್ಮೇಲೆ ನೋಡಿ." ಫೋನು ತೆಗೆದು ಬೆಂಗಳೂರು–ಅಜ್ಜಂಪುರ ಎಂದು ಹಾಕಿ ತೋರಿಸಿದರು. ಬೆರಳು ಎಳೆದಷ್ಟೂ ಪಟ್ಟಿ ಇಳಿಯಿತು, ಹೆಚ್ಚಿನವು ಆ ದಾರಿಯಲ್ಲಿ ಹಾದುಹೋಗುವ ದೂರದೂರಿನ ಬಸ್ಸುಗಳು. ಎಲ್ಲರ ಕೆಳಗೆ ಅಕ್ಕನ ಬಸ್ಸಿತ್ತು.

"ಇಲ್ಲಿಂದ ಹೋಗೋವಾಗ ತೊಂದ್ರೆ ಇಲ್ಲ, ಜನಕ್ಕೆ ನನ್ ಕೌಂಟರ್ ಗೊತ್ತು. ಬೆಂಗ್ಳೂರಿಂದ ಬರೋವಾಗ ಯಾರಿಗ್ ಗೊತ್ತು ನಾನು? ಖಾಲಿ ಬಸ್ ಬರುತ್ತೆ ಮೇಡಂ. ಆ್ಯಪ್ ಬಿಟ್ರೆ ಇರೋ ನಾಕು ಜನಾನೂ ಹೋದ್ರು. ಇದ್ರೆ ಹಿಂಗೆ. ಈ ದೀಪಾವಳಿವರೆಗೆ ನೋಡ್ತೀನಿ. ಹಿಂಗೇ ಆದ್ರೆ ಬಸ್ ಮಾರ್‍ಬಿಡೋದೇ."

ಒಂದೇ ಬಸ್ಸಿರುವವರು ಬಸ್ ಮಾರಿದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅಣ್ಣ ಬೇರೆಯವರ ಸ್ಟಿಯರಿಂಗ್ ಹಿಡಿಯುತ್ತಾನೆ, ಅಕ್ಕ ಮನೆಯಲ್ಲಿ ಕೂರುತ್ತಾರೆ. ನಾನು ಸಮನ್ಸಿನ ಮಾತು ಎತ್ತಲಿಲ್ಲ. ಅವರೇ ಎತ್ತಿದರು. "ನನ್ ಬೆನ್ನುನೋವು ವಾಸಿಯಾಯ್ತು ಅನ್ಕೊಳಿ. ನಾಳೆ ಬತ್ತೀನಿ. ಇನ್ನೂ ಎಷ್ಟ್ ಕೆಳಗ್ ತಳ್ತಾನೆ ಅವನು?"

ಹೇಳಿಕೆ ದಾಖಲಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಪ್ರಮಾಣ. ಆಮೇಲೆ ಒಂದು ಪ್ರಶ್ನೆ, ಒಂದು ಉತ್ತರ. ಉತ್ತರವನ್ನು ಸಾಕ್ಷಿಯ ಮಾತಿನಲ್ಲೇ ಬರೆಯಬೇಕು, ನಮ್ಮ ಮಾತು ಸೇರಿಸಬಾರದು. ಕೊನೆಗೆ ಎಲ್ಲವನ್ನೂ ಓದಿ ಹೇಳಿ, ಪ್ರತಿ ಪುಟಕ್ಕೂ ಸಹಿ ಹಾಕಿಸಬೇಕು. ಅಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು, ಹೂ ಮುಡಿದು ಐ.ಬಿ.ಗೆ ಬಂದಿದ್ದರು. ಮ್ಯಾನೇಜರ್ ಯಾವಾಗ ಫೋನ್ ಮಾಡಿದ, ಏನೆಂದ, ಬಸ್ಸು ಯಾವಾಗ ಕೆಳಗೆ ಹೋಯಿತು, ಎಲ್ಲವನ್ನೂ ತಡವರಿಸದೆ ಹೇಳಿದರು. ಅವರು ಹೇಳಿದ ದಿನಕ್ಕೂ ಕಂಪನಿಯ ಸರ್ವರ್ ದಾಖಲೆಯಲ್ಲಿ ಬಸ್ಸು ಬಿದ್ದ ದಿನಕ್ಕೂ ಸರಿಯಾಗಿ ತಾಳೆಯಾಯಿತು. ಆ ದಾಖಲೆ ಅವರಿಗೆ ತೋರಿಸುವಂತಿಲ್ಲ, ಆದ್ದರಿಂದ ನನ್ನ ಖುಷಿಯನ್ನೂ ತೋರಿಸುವಂತಿರಲಿಲ್ಲ. ಒಳಗೇ ಕುಣಿಯುತ್ತಿದ್ದೆ.

ಉಳಿದದ್ದು ಒಂದೇ ಪ್ರಶ್ನೆ. ಕೌಂಟರಿನ ದರ ನಿಜಕ್ಕೂ ಆ್ಯಪ್‌ಗಿಂತ ಕಡಿಮೆ ಇತ್ತು, ಅದು ಒಂದು ದಿನದ ಮಾತಲ್ಲ, ರೂಢಿ ಎಂದು ತೋರಿಸಬೇಕಿತ್ತು. ಕೇಳಿದೆ: "ಈ ಕೌಂಟರ್ ದರವನ್ನು ನೀವು ಹೇಗೆ ನಿಗದಿ ಮಾಡುತ್ತೀರಿ?"

"ಅದಾ? ಅದ್ನ ನಾನೊಬ್ಳೇ ಹೆಂಗ್ ಮಾಡ್ಲಿ ಮೇಡಂ? ಅಮಾವಾಸ್ಯೆ ಮೀಟಿಂಗಲ್ಲಿ ಮಾಡ್ಕೊತೀವಿ."

"ಯಾವ ಮೀಟಿಂಗು?"

"ಗಾಡಿ ಪೂಜೆ ಮುಗಿದ್ಮೇಲೆ ಕಡೂರು ಸ್ಟ್ಯಾಂಡಿನ ಹೋಟ್ಲಲ್ಲಿ ಮಾಲೀಕ್ರೆಲ್ಲಾ ಕೂತ್ಕೊತೀವಲ್ಲ, ಅದು. ಯಾರ್ ಬಸ್ ಮೊದ್ಲು ಬಿಡ್ಬೇಕು, ಯಾರ್‍ದು ಆಮೇಲೆ, ಹಬ್ಬಕ್ಕೆಷ್ಟು ರೇಟು, ಆಸ್ಪತ್ರೆಯೋರಿಗೆ ಎಷ್ಟ್ ಬಿಡೋದು, ಎಲ್ಲಾ ಅಲ್ಲೇ ಮಾತಾಡಿ ಎಲ್ರೂ ಒಂದೇ ರೇಟ್ ಮಾಡ್ಕೊತೀವಿ. ಒಬ್ರೂ ಮೀರಲ್ಲ. ಅಷ್ಟ್ ಒಗ್ಗಟ್ಟು ನಮ್ದು." ಹೇಳಿ ಅಕ್ಕ ಹೆಮ್ಮೆಯಿಂದ ನನ್ನ ಮುಖ ನೋಡಿದರು.

ಸ್ಟೆನೋ ಅವರ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಮಾರುವವರೆಲ್ಲ ಸೇರಿ ಒಂದೇ ಬೆಲೆ ಮಾಡಿಕೊಳ್ಳುವುದು. ದೊಡ್ಡ ದೊಡ್ಡ ಉದ್ಯಮಗಳಲ್ಲಿ ಅಂಥದ್ದನ್ನು ಹಿಡಿಯಲು ನಾವು ವರ್ಷಗಟ್ಟಲೆ ಒದ್ದಾಡುತ್ತೇವೆ, ಯಾರೂ ಬಾಯಿ ಬಿಡುವುದಿಲ್ಲ. ಇಲ್ಲಿ ನನ್ನ ಏಕೈಕ ಸಾಕ್ಷಿ ಪ್ರಮಾಣ ಮಾಡಿ, ಹೂ ಮುಡಿದುಕೊಂಡು, ನಗುನಗುತ್ತ ಹೇಳಿದ್ದರು.

"ಯಾಕ್ ಮೇಡಂ? ಏನಾಯ್ತು?"

ಹೇಳಿದೆ. ಹೇಳುವಾಗ ನನ್ನ ಧ್ವನಿ ನನಗೇ ಹಿಡಿಸಲಿಲ್ಲ. ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ನಂಬಿಕೆಯಾಗಲಿಲ್ಲ, ಆಮೇಲೆ ಸಿಟ್ಟು ನೆತ್ತಿಗೇರಿತು.

"ಹಿಂದೆ ಎಲ್ಲಾ ಬಸ್ಸೂ ಮುಂದೆ ಓಡಿ ಜನ ತುಂಬ್ಕೊಳೋಕೆ ರೇಸ್ ಬೀಳ್ತಿದ್ವು. ಒಂದ್ ಬಸ್ಸು ಗುಂಡಿಗ್ ಬಿದ್ದು ನಮ್ ಕ್ಲೀನರ್ ಕಾಲೇ ಹೋಯ್ತು. ಅವತ್ತಿಂದ ಸಾಹೇಬ್ರು, ಯಜಮಾನ್ರು, ನಮ್ಮಪ್ಪ ಎಲ್ಲಾ ಕೂತು ಈ ಮೀಟಿಂಗ್ ಶುರು ಮಾಡಿದ್ದು. ನಾನೊಬ್ಳೇ ಆಸ್ಪತ್ರೆ ರೇಟ್ ಕೊಟ್ರೆ ರೋಗಿಗಳೆಲ್ಲಾ ನನ್ ಬಸ್ಸಿಗೇ ಬಂದು ನಾನ್ ಮುಳುಗ್ತೀನಿ. ಎಲ್ರೂ ಕೊಟ್ರೆ ಯಾರೂ ಮುಳುಗಲ್ಲ. ಆ ಮ್ಯಾನೇಜರ್ ಕೇಳ್ದಾಗ ಅವ್ರಿಬ್ರು ನಾವ್ ಕೊಡಲ್ಲ ಅಂದ್ಬಿಟ್ರು, ನಾನ್ ಜಗಳಕ್ ಬಿದ್ದೆ, ಅಷ್ಟೇ. ಇದು ತಪ್ಪಾ? ಅವನು ಮಾಡಿದ್ದೂ ತಪ್ಪು, ನಾವ್ ಮಾಡಿದ್ದೂ ತಪ್ಪಾ? ಎಂಥಾ ಕಾನೂನ್ರೀ ನಿಮ್ದು?"

ಸಮಯ ಹೊಂದಿಸಿಕೊಂಡದ್ದರಲ್ಲಿ ತಪ್ಪಿಲ್ಲ, ಹಬ್ಬದ ದಿನ ಎಲ್ಲರೂ ಸೇರಿ ದರ ಏರಿಸಿದ್ದು ತಪ್ಪು, ಅಗ್ಗಕ್ಕೆ ಹೋಗಬಹುದಾಗಿದ್ದ ಜನಕ್ಕೆ ದಾರಿಯೇ ಇಲ್ಲದ ಹಾಗಾಯಿತಲ್ಲ ಎಂದೆ. ಅದು ಸತ್ಯವೇ. ಆದರೂ ಆ ಕೋಣೆಯಲ್ಲಿ ಅದನ್ನು ಹೇಳುವುದಕ್ಕೆ ನನಗೆ ನಾಚಿಕೆಯಾಯಿತು.

ಅಕ್ಕ ತಣ್ಣಗಾದರು. ದನಿ ಇಳಿಸಿ, "ಹಂಗಾದ್ರೆ ಅದೊಂದ್ನ ಬರ್‍ಕೋಬೇಡಿ ಮೇಡಂ. ನಾನ್ ಹೇಳೇ ಇಲ್ಲ ಅನ್ಕೊಳಿ" ಎಂದರು.

ಹೊರಗೆ ಜಗಲಿಗೆ ಬಂದು ಮೇಲಧಿಕಾರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಬರೆಯದೆ ಬಿಟ್ಟರೆ ಇವತ್ತು ನಿನ್ನನ್ನು ಯಾರೂ ಕೇಳುವುದಿಲ್ಲ, ಬರೆದರೆ ಎಲ್ಲರೂ ಕೇಳುತ್ತಾರೆ, ನಾನಂತೂ ಈ ಫೋನ್ ಬಂದದ್ದನ್ನೇ ಮರೆತೆ ಎಂದು ಇಟ್ಟುಬಿಟ್ಟರು. ಹೊಣೆ ಎಷ್ಟು ಚೆಂದವಾಗಿ ನನ್ನ ತಲೆಗೆ ಕಟ್ಟಿದರು! ಜಗಲಿಯ ಉದ್ದಕ್ಕೂ ಓಡಾಡಿದೆ. ಐ.ಬಿ. ಗೇಟಿನ ಆಚೆ ಬಸ್ಸುಗಳು ಹಾರ್ನ್ ಹೊಡೆದುಕೊಂಡು ಹೋಗುತ್ತಿದ್ದವು. ನನಗೆ ಎಲ್ಲಿಗೂ ಹೋಗುವ ದಾರಿ ಇರಲಿಲ್ಲ.

ಬರೆದರೆ ಅಕ್ಕನ ಬಾಯಿಂದಲೇ ಅಕ್ಕನಿಗೆ ಶಿಕ್ಷೆ. ಬಿಟ್ಟರೆ ನಾನು ಸುಳ್ಳು ದಾಖಲೆ ಮಾಡಿದ ಹಾಗೆ. ಅದೂ ಹೋಗಲಿ, ನನ್ನ ನೌಕರಿಯ ಮಾತು ಬಿಡಿ. ಹೆಸರು ಮುಚ್ಚಿಟ್ಟರೂ ನಾಳೆ ಪಾಟೀಸವಾಲು ಬಂದರೆ ಕಂಪನಿಯ ವಕೀಲರು ಅಕ್ಕನನ್ನು ನಿಲ್ಲಿಸಿ ಕೇಳುವ ಮೊದಲ ಪ್ರಶ್ನೆಯೇ ಇದು: ದರ ಹೇಗೆ ನಿಗದಿ ಮಾಡುತ್ತೀರಿ? ಅಕ್ಕ ಸುಳ್ಳು ಹೇಳುವವರಲ್ಲ. ಸರ್ಟಿಫಿಕೇಟಿನಲ್ಲಿ ಒಂದು ಬೆನ್ನುನೋವು ಬರೆಸಿಕೊಂಡರೆ ಅದನ್ನೂ ನಿಭಾಯಿಸಲಾರದ ಹೆಂಗಸು. ಆಗ ಕೇಸೂ ಬಿದ್ದುಹೋಗುತ್ತದೆ, ಮುಚ್ಚಿಟ್ಟವಳು ಎಂಬ ಹೆಸರೂ ಅವರಿಗೆ ಬರುತ್ತದೆ.

ಒಳಗೆ ಹೋಗಿ ಸ್ಟೆನೋಗೆ ಹೇಳಿದೆ: "ಅವರು ಹೇಳಿದ ಹಾಗೇ ಟೈಪ್ ಮಾಡಿ. ಕ್ಲೀನರ್ ಕಾಲು ಹೋದದ್ದೂ ಬರಲಿ, ಆಸ್ಪತ್ರೆ ರೇಟೂ ಬರಲಿ. ಒಂದು ಮಾತೂ ಬಿಡಬೇಡಿ." ಆಮೇಲೆ ಅಕ್ಕನ ಕಡೆ ತಿರುಗಿದೆ. "ಇವತ್ತು ಸಹಿ ಹಾಕಬೇಡಿ. ಸಾಕ್ಷಿ ವಕೀಲರನ್ನು ಕಾಣಲು ಸಮಯ ಕೇಳಿದ್ದಾರೆ ಅಂತ ಬರೆದು ಇಲ್ಲಿಗೆ ನಿಲ್ಲಿಸುತ್ತೇನೆ. ತಾವಾಗಿಯೇ ಮುಂದೆ ಬಂದು ಒಪ್ಪಿಕೊಂಡವರಿಗೆ ದಂಡ ಕಡಿಮೆ ಮಾಡುವ ನಿಯಮ ಇದೆ. ಮೊದಲು ಬಂದವರಿಗೆ ಪೂರ್ತಿ ಮಾಫಿಯೂ ಆಗಬಹುದು. ವಕೀಲರಿಗೆ ಇದನ್ನು ಹೇಳಿ."

ಅಕ್ಕ ಎದ್ದು ನಿಂತರು. "ನಮ್ಮೂರ್ ಕಡೆಯೋಳು ಅಂತ ನಂಬಿ ಬಾಯ್ಬಿಟ್ಟೆ. ನಂದೇ ತಪ್ಪಾಯ್ತು" ಎಂದು ಹೊರಟುಹೋದರು. ಹೂವಿನ ವಾಸನೆ ಮಾತ್ರ ಕೋಣೆಯಲ್ಲಿ ಉಳಿಯಿತು. ನಾನು ಬಾಗಿಲು ಹಾಕಿಕೊಂಡು ಅತ್ತೆ. ಸ್ಟೆನೋ ಹೊರಗೆ ಹೋಗಿ ಕಾಫಿ ತಂದಿಟ್ಟರು.

ಆಮೇಲಿನ ದಿನಗಳ ಮಾತು ಬೇಡ. ಐ.ಬಿ.ಯಲ್ಲಿ ಕಾಯುವುದು, ದೆಹಲಿಯ ಫೋನಿಗೆ "ಇನ್ನೂ ಇಲ್ಲ" ಅನ್ನುವುದು. ವರದಿ ಕೊಡಬೇಕಾದ ಗಡುವು ಹತ್ತಿರವಾಗುತ್ತಿತ್ತು. ಕೊನೆಗೆ ಕಡೂರು ಕೋರ್ಟಿನ ವಕೀಲರೊಬ್ಬರು ಬಂದರು. ಜಮೀನು ಪಾಲಿನ ದಾವೆಗಳಲ್ಲೇ ಕೂದಲು ಬೆಳ್ಳಗಾದ ಮನುಷ್ಯ. ನಮ್ಮ ಕಾನೂನನ್ನು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು, ರಾತ್ರಿಯೆಲ್ಲ ಓದಿಕೊಂಡು ಬಂದಿದ್ದರು.

"ಮೇಡಂ, ಮೊದಲು ಬಂದವರಿಗೆ ಮಾಫಿ ಅಂತೀರಿ. ಈ ನಿಯಮ ಮಾಡಿದವರು ಏನು ಲೆಕ್ಕ ಹಾಕಿರ್ತಾರೆ? ಜೊತೆಗಾರರನ್ನ ಹಿಂದೆ ಹಾಕಿ ಪ್ರತಿಯೊಬ್ಬನೂ ಓಡಿ ಬರ್ತಾನೆ ಅಂತ ತಾನೇ?" ಎಂದು ಹಣೆ ಒತ್ತಿಕೊಂಡರು. "ಇವರು ಮೂವರೂ ನನ್ನ ಆಫೀಸಲ್ಲಿ ಕೂತು ನೀವು ಮೊದಲು, ನೀವು ಮೊದಲು ಅಂತ ಜಗಳ ಆಡ್ತಿದಾರೆ. ಒಬ್ಬರೂ ಮೊದಲು ಹೋಗೋಕೆ ಒಪ್ತಿಲ್ಲ. ಸೇರಿ ತೀರ್ಮಾನ ಮಾಡಬಾರದು ಕಣ್ರಪ್ಪಾ, ಅದಕ್ಕೇ ತಾನೇ ಕೇಸಾಗಿರೋದು ಅಂದರೆ ಕೇಳೋರು ಯಾರು?"

ಕೊನೆಗೆ ವಕೀಲರು ಅವರನ್ನು ಬೇರೆ ಬೇರೆ ಕರೆಸಿ, ಬೇರೆ ಬೇರೆ ಅರ್ಜಿ ಮಾಡಿಸಿ ಆಯೋಗಕ್ಕೆ ಕಳಿಸಿದರು. ಮೊದಲು ಹೋದದ್ದು ಅಕ್ಕನದು. ಅದು ಹೇಗೆ ಮೊದಲಾಯಿತು ಎಂದು ನಾನು ಕೇಳಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಐ.ಬಿ.ಗೆ ಬಂದು ಮೂವರೂ ಹೇಳಿಕೆ ಕೊಟ್ಟರು. ಮ್ಯಾನೇಜರನ ಬೆದರಿಕೆಯನ್ನೂ ಹೇಳಿದರು, ತಮ್ಮ ಮೀಟಿಂಗನ್ನೂ ಹೇಳಿದರು. ಯಜಮಾನರು ಸಹಿ ಹಾಕುತ್ತ, "ಹೆಂಗೂ ಕಳ್ರಾದ್ವಿ, ಪೂರ್ತಿ ಹೇಳ್ಬಿಡೋದೇ ವಾಸಿ" ಎಂದರು. ಸಾಹೇಬರು ಹೇಳಿಕೆಯನ್ನು ಎರಡು ಸಲ ಓದಿಸಿಕೊಂಡು ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು. ಅಕ್ಕ ಒಳಗೆ ಬಂದು ಸಹಿ ಹಾಕಿ ಹೋಗುವವರೆಗೂ ನನ್ನ ಮುಖ ನೋಡಲಿಲ್ಲ.

ಆ ಹೇಳಿಕೆಗಳಿಂದ ನಮ್ಮ ಕೇಸು ಗಟ್ಟಿಯಾಯಿತು. ತಮ್ಮ ತಪ್ಪನ್ನೇ ಮುಚ್ಚಿಡದ ಸಾಕ್ಷಿಗಳನ್ನು ಸುಳ್ಳುಗಾರರು ಎನ್ನಲು ಕಂಪನಿಯ ವಕೀಲರಿಗೆ ಬಾಯಿ ಬರಲಿಲ್ಲ. ವಿಚಾರಣೆ ಮುಗಿದು ಆಯೋಗ ಆದೇಶ ಕೊಟ್ಟಿತು: ಕಂಪನಿ ತನ್ನ ಬಲವನ್ನು ದುರುಪಯೋಗ ಮಾಡಿದೆ, ಷರತ್ತು ತೆಗೆಯಬೇಕು, ದಂಡ ಕಟ್ಟಬೇಕು. ನಮ್ಮ ಕಚೇರಿಯಲ್ಲಿ ಸಿಹಿ ಹಂಚಿದರು. ಬಸ್ ಮಾಲೀಕರ ಬಗ್ಗೆ ಬೇರೆ ಆದೇಶವಾಯಿತು. ಅಕ್ಕನಿಗೆ ದಂಡವಿಲ್ಲ, ಉಳಿದಿಬ್ಬರಿಗೆ ಹೆಸರಿಗೆ ಒಂದಿಷ್ಟು. ಇನ್ನು ಮುಂದೆ ದರದ ಬಗ್ಗೆ ಪರಸ್ಪರ ಮಾತಾಡುವಂತಿಲ್ಲ.

ಕಂಪನಿ ಮರುವಾರವೇ ಮೇಲ್ಮನವಿ ಹಾಕಿತು, ತಡೆಯಾಜ್ಞೆ ಸಿಕ್ಕಿತು. ಷರತ್ತು ಅಲ್ಲೇ ಇದೆ, ಪಟ್ಟಿ ಹಾಗೇ ಇದೆ, ವಿಚಾರಣೆ ಮುಂದಕ್ಕೆ ಮುಂದಕ್ಕೆ ಹೋಗುತ್ತಿದೆ. ಬಸ್ ಮಾಲೀಕರು ಮೇಲ್ಮನವಿಗೆ ಹೋಗಲಿಲ್ಲ. ಆದೇಶ ಕೈಗೆ ಬಂದ ದಿನವೇ ಪಾಲಿಸಲು ಶುರುಮಾಡಿದರು.

ಅದಾಗಿ ಎಷ್ಟೋ ತಿಂಗಳ ಮೇಲೆ, ಯಗಟಿಯಲ್ಲಿ ಚಿಕ್ಕಮ್ಮನ ಮನೆಯ ನಾಮಕರಣಕ್ಕೆ ಹೊರಟಿದ್ದೆ. ಕಡೂರು ಸ್ಟ್ಯಾಂಡಿನಲ್ಲಿ ಬಸ್ಸಿಗೆ ಹೊತ್ತಿತ್ತು. ಸುರಿದ ಮಳೆ ಆಗಷ್ಟೇ ನಿಂತಿತ್ತು. ತೊಳೆದ ಬಸ್ಸುಗಳ ಮುಂದೆ ಒಡೆದ ನಿಂಬೆಹಣ್ಣು ಬಿದ್ದಿದ್ದವು. ಅಮಾವಾಸ್ಯೆ. ಮಾಲೀಕರು ಸೇರುವ ಆ ಹೋಟೆಲಿಗೇ ಹೋದೆ.

ಮೂವರೂ ಇದ್ದರು. ಆದರೆ ಮೂರು ಮೇಜುಗಳಲ್ಲಿ. ಯಜಮಾನರು ಗೋಡೆಯ ಕಡೆ ಮುಖ ಮಾಡಿ ಇಡ್ಲಿ ತಿನ್ನುತ್ತಿದ್ದರು. ಸಾಹೇಬರು ಪೇಪರಿನ ಹಿಂದೆ ಇದ್ದರು. ಅಕ್ಕ ಬಾಗಿಲ ಹತ್ತಿರ ಒಬ್ಬರೇ ಕಾಫಿ ಹಿಡಿದು ಕೂತಿದ್ದರು. ಪೂಜೆಯ ದಿನ ಬರುವ ಅಭ್ಯಾಸ ಬಿಡಲಾಗಿಲ್ಲ, ಜೊತೆಗೆ ಕೂರುವ ಧೈರ್ಯ ಇಲ್ಲ. ಸಪ್ಲೈಯರ್ ಒಬ್ಬನೇ ಮೂರೂ ಮೇಜಿನ ನಡುವೆ ಓಡಾಡುತ್ತಿದ್ದ.

ಅಕ್ಕ ನನ್ನನ್ನು ಕಂಡು, ತಡೆದು, ಆಮೇಲೆ ತಾವೇ ಕೈಮಾಡಿ ಕರೆದರು. ಎದುರು ಕೂತೆ. ಬಸ್ ಹೇಗಿದೆ ಎಂದೆ.

"ಇದೆ. ಕೆಳಗೇ ಇದೆ" ಎಂದರು. "ಆಸ್ಪತ್ರೆ ರೇಟು ಈಗ ನಾನೊಬ್ಳೇ ಕೊಡ್ತಿದೀನಿ. ಅವ್ರಿಬ್ರು ಕೊಡ್ತಾರೋ ಇಲ್ವೋ ನಂಗೆ ಗೊತ್ತಿಲ್ಲ. ಕೇಳೋಹಂಗಿಲ್ವಲ್ಲ." ದೀಪಾವಳಿ ಕಳೆದರೂ ಬಸ್ ಮಾರಿರಲಿಲ್ಲ, ಇನ್ನೊಂದು ದೀಪಾವಳಿ ನೋಡುತ್ತೇನೆ ಎಂದರು.

ಆಮೇಲೆ ಅಕ್ಕ ಸಾಹೇಬರ ಕಡೆ ಒಮ್ಮೆ ನೋಡಿ, ಮೇಜಿನ ಮೇಲೆ ಬಗ್ಗಿ ಪಿಸುಮಾತಿನಲ್ಲಿ ಕೇಳಿದರು.

"ಮೇಡಂ, ಬೆಳಗ್ಗೆ ನಮ್ಮಣ್ಣ ಬುಕ್ಕಾಂಬುಧಿ ದಾರೀಲಿ ಬಂದ. ಕೆರೆ ಕೋಡಿ ಬಿದ್ದು ರಸ್ತೆ ಮೇಲೆ ನೀರು ಹರೀತಿದೆಯಂತೆ, ಅಂಚು ಕಾಣಲ್ವಂತೆ. ಇವತ್ತು ಸಾಹೇಬ್ರ ಬಸ್ಸು ಆ ಕಡೆ ಮದ್ವೆ ದಿಬ್ಬಣ ಹೊಡೆಯುತ್ತೆ. ಅವ್ರಿಗೆ ಹೇಳ್ಬೋದಾ?"

"ಅಯ್ಯೋ, ಹೇಳಿ ಅಕ್ಕಾ! ಇದಕ್ಕೆಲ್ಲ ಕೇಳ್ತಾರಾ? ಇದು ದರದ ಮಾತಲ್ಲ, ಏನಲ್ಲ" ಎಂದೆ.

"ಹಂಗಂತ ಬರ್‍ಕೊಡ್ತೀರಾ?" ಎಂದರು ಅಕ್ಕ.

ಕುಹಕವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಕೇಳುತ್ತಿದ್ದರು. ತನಿಖೆ ಮಾಡಿದ ಅಧಿಕಾರಿ ತಾನು ತನಿಖೆ ಮಾಡಿದವರಿಗೆ ಸಲಹೆ ಬರೆದುಕೊಡುವಂತಿಲ್ಲ. ಅದೂ ನಿಯಮವೇ. ಹೊರಗೆ ಸಾಹೇಬರ ಬಸ್ಸಿನ ಡ್ರೈವರ್ ಇಂಜಿನ್ ಶುರುಮಾಡಿದ.

ನಾನೇ ಎದ್ದು ಹೋಗಿ ಸಾಹೇಬರ ಮೇಜಿನ ಮುಂದೆ ನಿಂತು, ಬುಕ್ಕಾಂಬುಧಿ ರಸ್ತೆಯ ಮೇಲೆ ನೀರಿದೆ, ಬಸ್ಸನ್ನು ಸುತ್ತುಹಾಕಿಕೊಂಡು ಹೋಗಲು ಹೇಳಿ ಎಂದೆ. ಅವರು ಪೇಪರ್ ಕೆಳಗಿಟ್ಟು ನನ್ನನ್ನೂ, ನನ್ನ ಹೆಗಲ ಮೇಲಿಂದ ಅಕ್ಕನನ್ನೂ ನೋಡಿದರು. ತುಟಿ ಅಲ್ಲಾಡಿತು. ಆಮೇಲೆ ಕಣ್ಣು ತಗ್ಗಿಸಿ, "ನಿಮ್ಮಿಂದ ಉಪಕಾರ ಆಯ್ತು ಮೇಡಂ" ಎಂದು ನನಗೆ ಹೇಳಿ, ಡ್ರೈವರಿಗೆ ತಿಳಿಸಲು ಅಕ್ಕನ ಮೇಜಿನ ಪಕ್ಕದಿಂದಲೇ ಮಾತಿಲ್ಲದೆ ಹೊರಗೆ ಹೋದರು.